ಅತ್ತೆಯ ಮೂರನೆಯ ಹೆಲ್ಮೆಟ್

ಅತ್ತೆಯ ತಲೆಗೆ ಹೆಲ್ಮೆಟ್ ಹಾಕಿಸಿದವಳು ನಾನೇ. ಫೆಬ್ರವರಿ ಪೂರ್ತಿ ಈ ಒಂದು ಮಾತು ನನ್ನನ್ನು ಬಿಡಲಿಲ್ಲ. ಮಗುವಿಗೆ ಗಂಜಿ ಕಲಸುವಾಗ ಅದೇ, ನೀರಿನ ಕೊಳವೆ ಹೆಪ್ಪುಗಟ್ಟಿತೋ ಏನೋ ಎಂದು ಮುಟ್ಟಿ ನೋಡುವಾಗ ಅದೇ, ಆಯ್ಲಿ ನಿದ್ದೆಯಲ್ಲಿ ಉಸಿರಾಡುತ್ತಿದ್ದಾಳೆ ತಾನೇ ಎಂದು ಮೂಗಿನ ಕೆಳಗೆ ಬೆರಳಿಡುವಾಗಲೂ ಅದೇ. ಮಗಳಿಗೆ ಎರಡು ವರ್ಷ ತುಂಬಿದೆ. ಇನ್ನೂ ಬೆರಳಿಡುತ್ತೇನೆ, ಏನು ಮಾಡಲಿ. ನಾನು ಹಟ ಹಿಡಿಯದೆ ಇದ್ದಿದ್ದರೆ ಅತ್ತೆ ರಾವ್ದ್ನಾ ತಮ್ಮ ಹಳೆಯ ನರಿತುಪ್ಪಳದ ಟೋಪಿಯಲ್ಲೇ ಹೋಗುತ್ತಿದ್ದರು. ಮುಂಗಾಜು ಇಲ್ಲದಿದ್ದರೆ ಅದಕ್ಕೆ ಮಂಜು ಕಟ್ಟುವ ಪ್ರಶ್ನೆಯೇ ಇರುತ್ತಿರಲಿಲ್ಲ. ದೊಡ್ಡಿಯ ಬಾಗಿಲುಗಂಬ ಕಣ್ಣಿಗೆ ಕಾಣುತ್ತಿತ್ತು.

ಜನವರಿಯಲ್ಲಿ ನಮ್ಮ ಹಿಮಸಾರಂಗಗಳ ಹಿಂಡು ವಿಂಗಡಿಸುವ ದಿನ ನಡೆದದ್ದು ಇದು. ರಾವ್ದ್ನಾ ತಮ್ಮ ಮೋಟಾರಿನ ಹಿಮಬಂಡಿಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಬಂಡಿಯ ಹಿಂದೆ ಉದ್ದ ಹಗ್ಗದಲ್ಲಿ ಕೊರಳಿಗೆ ಗಂಟೆ ಕಟ್ಟಿದ ಮುಂದಾಳು ಸಾರಂಗ, ಆ ಗಂಟೆಯ ಸದ್ದು ಹಿಡಿದು ಇಡೀ ಹಿಂಡು. ಎಷ್ಟು ಸಾರಂಗಗಳೆಂದು ಬರೆಯುವುದಿಲ್ಲ, ನಮ್ಮಲ್ಲಿ ಅದನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ನಡುಹಗಲಿನ ನೀಲಿ ಬೆಳಕು, ಸೊನ್ನೆಗಿಂತ ಮೂವತ್ತೆರಡು ಡಿಗ್ರಿ ಕೆಳಗಿನ ಚಳಿ. ದೊಡ್ಡಿಯ ಬಾಗಿಲು ಇನ್ನು ಐವತ್ತು ಹೆಜ್ಜೆ ಎನ್ನುವಾಗ ಅತ್ತೆಯ ಬಂಡಿ ನೇರವಾಗಿ ಹೋಗಿ ಕಂಬಕ್ಕೆ ಹೊಡೆಯಿತು. ಮುಂದಾಳು ಬೆದರಿತು, ಹಿಂಡು ಇಬ್ಭಾಗವಾಗಿ ಅರ್ಧ ಗುಡ್ಡದ ಕಡೆ ಓಡಿತು. ಅದನ್ನು ಮತ್ತೆ ಒಟ್ಟುಮಾಡಲು ಎರಡು ದಿನ ಹಿಡಿಯಿತು. ಅತ್ತೆಗೆ ಏನೂ ಆಗಲಿಲ್ಲ, ಹೆಲ್ಮೆಟ್ ಸೀಳಿತು ಅಷ್ಟೆ. ಆದರೆ ಎಲ್ಲರೂ ನೋಡಿದರು. ಮೂವತ್ತು ವರ್ಷ ಹಿಂಡಿನ ಮುಂದೆ ಹೋದ ಹೆಂಗಸು ಊರಗಲದ ಕಂಬಕ್ಕೆ ಹೊಡೆದದ್ದನ್ನು ಎಲ್ಲರೂ ನೋಡಿದರು.

ರಾವ್ದ್ನಾ ಬಗ್ಗೆ ಹೇಳಬೇಕು. ಅವರು ಹುಟ್ಟಿದ ವರ್ಷ ನಮ್ಮ ಈ ಉತ್ತರದ ಸಾಮಿ ಊರುಗಳ ಕಡೆ ಹಿಮಬಂಡಿ ಎಂಬುದೇ ಇರಲಿಲ್ಲ. ಅವರ ಆರನೆಯ ವಯಸ್ಸಿನಲ್ಲಿ ಅಪ್ಪ ಮೊದಲ ಬಂಡಿ ತಂದಾಗ ಮನೆಯ ನಾಯಿಗಳು ಮೂರು ದಿನ ಚಾವಡಿಯ ಕೆಳಗಿನಿಂದ ಹೊರಬರಲಿಲ್ಲವಂತೆ. ಹತ್ತಕ್ಕೆ ಓಡಿಸಲು ಕಲಿತರು. ಯಾರೂ ಕಲಿಸಲಿಲ್ಲ. ಇಲ್ಲಿ ಯಾರಿಗೂ ಯಾರೂ ಏನನ್ನೂ ಕಲಿಸುವುದಿಲ್ಲ. ನೋಡುತ್ತಾ ನಿಲ್ಲಬೇಕು, ತಪ್ಪು ಮಾಡಬೇಕು, ಮತ್ತೆ ನೋಡಬೇಕು. ದೊಡ್ಡವರು ನೋಡಿಯೂ ನೋಡದ ಹಾಗೆ ಕಾಫಿ ಕುಡಿಯುತ್ತಾರೆ. ದಕ್ಷಿಣದ ಔಲು ಪಟ್ಟಣದಲ್ಲಿ ಪಾಠ ಹೇಳಿಸಿಕೊಂಡು, ಟಿಪ್ಪಣಿ ಬರೆದುಕೊಂಡು ಬೆಳೆದ ನನಗೆ ಈ ಮನೆಗೆ ಬಂದ ಮೊದಲ ಚಳಿಗಾಲ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಬೆಂಕಿ ಹಚ್ಚಲು ನಾನು ಹಸಿ ಭೂರ್ಜದ ಕಟ್ಟಿಗೆ ಒಟ್ಟುತ್ತಿದ್ದರೆ ಅತ್ತೆ ಪಕ್ಕದಲ್ಲೇ ಕೂತು ಕೆಮ್ಮುತ್ತಿದ್ದರು. ಹೊಗೆ ಮನೆತುಂಬಾ. ಒಂದು ಮಾತಿಲ್ಲ! ಮರುದಿನ ಅವರು ಒಣಕಟ್ಟಿಗೆಯಲ್ಲಿ ಹಚ್ಚುವುದನ್ನು ನಾನು ನೋಡಿದೆ. ಅದೇ ಪಾಠ.

ಗಂಡ ತೀರಿಕೊಂಡ ಮೇಲೆ ಅತ್ತೆ ಎಳೆಮಗು ನೀಲ್ಲಾಸ್‌ನನ್ನು, ಎಂದರೆ ನನ್ನ ಗಂಡನನ್ನು, ಜಾರುಬಂಡಿಯಲ್ಲಿ ತುಪ್ಪಳ ಹೊದಿಸಿ ಮಲಗಿಸಿಕೊಂಡೇ ಹಿಂಡಿನ ಮುಂದೆ ಹೋಗುತ್ತಿದ್ದರು. ಒಮ್ಮೆ ಒಂದು ಗಂಡು ಸಾರಂಗ ಹಗ್ಗ ಜಗ್ಗಿ ಅವರನ್ನು ಐಸಿನ ಮೇಲೆ ಕೆಡವಿತು. ಅಂದಿನಿಂದ ಕುತ್ತಿಗೆಯ ಎಲುಬು ಸರಿಯಿಲ್ಲ. ಐವತ್ತೈದಕ್ಕೆ ಕನ್ನಡಕ ಬಂತು. ಮಾತು ಮೊದಲೂ ಕಡಿಮೆ, ಈಗಲೂ ಕಡಿಮೆ. ಆದರೆ ಕಿವಿ! ಹಿಂದಿನ ಗಂಟೆ ಒಂದು ಬಡಿತ ತಪ್ಪಿದರೆ ಬಂಡಿ ನಿಲ್ಲಿಸುತ್ತಾರೆ. ಯಾವ ಸಾರಂಗ ಎಲ್ಲಿ ಎಡವಿತು ಎಂದು ತಿರುಗದೆ ಹೇಳುತ್ತಾರೆ.

ಇಂಥವರಿಗೆ ನಾನು ಹೆಲ್ಮೆಟ್ ಹೊರಿಸಿದೆ. ಆಚೆ ಹೊಳೆಯ ಕಡೆ ಒಬ್ಬ ಬಂಡಿಯಿಂದ ಬಿದ್ದು, ತಲೆಗೆ ಪೆಟ್ಟಾಗಿ ಸತ್ತ ಸುದ್ದಿ ಕೇಳಿದಂದಿನಿಂದ ನನಗೆ ನಿದ್ದೆಯಿರಲಿಲ್ಲ. ಮೊದಲನೆಯದನ್ನು ಔಲುವಿನಿಂದ ತಂದೆ. ಗಟ್ಟಿಯೋ ಗಟ್ಟಿ, ಭಾರವೂ ಅಷ್ಟೇ. ಒಂದು ದಿನ ಹಾಕಿಕೊಂಡು ಬಂದ ಅತ್ತೆ ಕುತ್ತಿಗೆ ತಿರುಗಿಸಲಾಗದೆ ಮೈಯನ್ನೇ ತಿರುಗಿಸಿ ನನ್ನನ್ನು ನೋಡಿದರು.

"ಇದನ್ನ ಬಲೆಗೆ ಕಟ್ಟೋಣ ಕಣೆ ಸೆನ್ಯಾ," ಎಂದರು. "ಮೀನು ಹಿಡಿಯೋವಾಗ ಬಲೆ ತಳ ಸೇರತ್ತೆ."

ಎರಡನೆಯದನ್ನು ಫೋನಿನಲ್ಲಿ ನೋಡಿ ತರಿಸಿದೆ. ಹಗುರ, ಎರಡು ಪದರದ ಮುಂಗಾಜು, ಮಂಜು ಕಟ್ಟುವುದೇ ಇಲ್ಲ ಎಂದು ಬರೆದಿದ್ದರು. ನವೆಂಬರ್ ಕಳೆಯುವವರೆಗೆ ಕಟ್ಟಲೂ ಇಲ್ಲ. ಡಿಸೆಂಬರಿನಲ್ಲಿ ಚಳಿ ಮೂವತ್ತರ ಕೆಳಗಿಳಿದಾಗ, ಪಾಪ, ಬೆಳಿಗ್ಗೆ ಬೆಳಿಗ್ಗೆ ಮಂಜುಗಡ್ಡೆಯಂಥ ಹೆಲ್ಮೆಟ್ ತಲೆಗೆ ಹಾಕಿಕೊಳ್ಳುತ್ತಾರಲ್ಲ ಎಂದು ಅದನ್ನು ಒಳಗೆ ತಂದು ಒಲೆಯ ಮೇಲಿನ ಮೊಳೆಗೆ ತೂಗುಹಾಕತೊಡಗಿದೆ. ಬೆಳಿಗ್ಗೆ ಬಿಸಿಬಿಸಿಯಾಗಿ ಕೈಗೆ ಕೊಡುತ್ತಿದ್ದೆ. ಅತ್ತೆ ಒಂದು ಕ್ಷಣ ಅದನ್ನು ಕೆನ್ನೆಗೆ ಒತ್ತಿಕೊಂಡು ಹೊರಡುತ್ತಿದ್ದರು. ಅಷ್ಟು ಸಣ್ಣ ಕೆಲಸದಲ್ಲಿ ನಾನು ಈ ಮನೆಯವಳಾದೆ ಎನ್ನಿಸುತ್ತಿತ್ತು ನನಗೆ.

ಕಂಬಕ್ಕೆ ಹೊಡೆದು ಮೂರು ವಾರದ ಮೇಲೆ ಊಲಾ ಬಂದ. ಊಲಾ ನಮ್ಮ ಮೇವುಕೂಟದ, ಎಂದರೆ ಒಟ್ಟಿಗೆ ಸಾರಂಗ ಮೇಯಿಸುವ ಮನೆಗಳ ಕೂಟದ, ಯಜಮಾನ, ಯಾರ ಹಿಂಡು ಎಲ್ಲಿಗೆ ಹೋಗಬೇಕು, ಯಾರು ಮುಂದಾಗಬೇಕು ಎಂದು ನಿರ್ಧರಿಸಿ ಹೇಳುವವನು. ಮೂರು ಲೋಟ ಕಾಫಿ ಕುಡಿದ. ಕಾಫಿಗೆ ಗಿಣ್ಣಿನ ತುಂಡು ಹಾಕಿಕೊಂಡು ಚಮಚದಲ್ಲಿ ಎತ್ತಿ ತಿಂದ. ಹಿಮದ ಬಗ್ಗೆ ಮಾತಾಡಿದ, ತೋಳಗಳ ಬಗ್ಗೆ ಮಾತಾಡಿದ, ಆಯ್ಲಿಯ ಮೂಗು ಹಿಂಡಿದ. ಬಂದ ಕೆಲಸ ಬಾಗಿಲಲ್ಲಿ ಬಂತು, ಕೈಗವಸು ತೊಡುತ್ತಾ.

"ಏಪ್ರಿಲ್ಲಿಗೆ ಅಡುಗೆ ಜಾರುಬಂಡಿ ಖಾಲಿ ಇದೆ ನೋಡು ರಾವ್ದ್ನಾ. ಬೆಚ್ಚಗಿರತ್ತೆ."

"ನನ್ನ ಅಡುಗೆ ತಿಂದ್ರೆ ಎಲ್ರೂ ನಡುದಾರೀಲೇ ಮನೆಗೆ ವಾಪಸ್ ಹೋಗ್ತಾರೆ."

"ತಮಾಷೆ ಅಲ್ಲ. ಕಣ್ಣು ಅಂತ ಒಂದಿರತ್ತಲ್ಲ, ಅರವತ್ತು ದಾಟಿದ್ಮೇಲೆ ಅದು ಯಾರ ಮಾತೂ ಕೇಳಲ್ಲ. ನನ್ನದೂ ಅಷ್ಟೇ. ನನ್ನ ಅಣ್ಣನ ಮಗ ಮುಂದೆ ಹೋಗ್ಲಿ ಈ ಸಲ. ಮಾರ್ಚ್ ಕೊನೇ ಭಾನುವಾರ ಎಲ್ಲಾ ಸೇರ್ತೀವಿ, ಆವಾಗ ಹೇಳ್ಬಿಡ್ತೀನಿ."

ಊಲಾ ಬಾಗಿಲು ಎಳೆದುಕೊಂಡು ಹೋದ. ಏಪ್ರಿಲ್ಲಿನಲ್ಲಿ ಹಿಂಡು ಕರು ಹಾಕುವ ಬಯಲಿಗೆ ಹೋಗುವ ಆರು ದಿನ ಅತ್ತೆಗೆ ವರ್ಷದ ಉಳಿದ ದಿನಗಳಿಗಿಂತ ದೊಡ್ಡದು. ಅದು ಗೊತ್ತಿದ್ದೇ ಊಲಾ ಮೂರು ಲೋಟ ಕಾಫಿ ಕುಡಿದದ್ದು.

"ನೀವ್ಯಾಕೆ ಸುಮ್ಮನಿದ್ರಿ?" ಎಂದೆ.

"ಮಾತಾಡಿದ್ರೆ ಕಂಬ ಪಕ್ಕಕ್ಕೆ ಹೋಗ್ತಿತ್ತಾ?" ಎಂದರು. ಸೀಳಿದ ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ಬಹಳ ಹೊತ್ತು ಕೂತಿದ್ದರು. ಅದನ್ನು ಎಸೆಯಲು ನನ್ನ ಕೈಗೆ ಕೊಡಲಿಲ್ಲ, ತಾವೇ ಕೊಟ್ಟಿಗೆಯ ಹಿಂದೆ ಒಯ್ದಿಟ್ಟರು.

ನೀಲ್ಲಾಸ್‌ನನ್ನು ಕೇಳಿದರೆ, "ಅಮ್ಮನ ವಿಷ್ಯ ಅಮ್ಮ ನೋಡ್ಕೋತಾಳೆ ಬಿಡು," ಎಂದ. ಬಿಡುವವಳಾ ನಾನು? ಮಂಜು ಕಟ್ಟದ ಹೆಲ್ಮೆಟ್ ಸಿಕ್ಕಿದರೆ ಕಣ್ಣಿನ ಮಾತೇ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಮಾರ್ಚ್ ಮೂರನೆಯ ವಾರ ಆಯ್ಲಿಯನ್ನು ಅವಳ ಅಪ್ಪನ ಜೊತೆ ಬಿಟ್ಟು (ಹತ್ತು ಸೂಚನೆ ಬರೆದಿಟ್ಟು), ಅತ್ತೆಯನ್ನು ಕಾರಿಗೆ ಹತ್ತಿಸಿಕೊಂಡು ಹತ್ತಿರದ ಪೇಟೆ ಇವಾಲೊಗೆ ಹೋದೆ.

ಅಲ್ಲಿ ತೈಸ್ತೊ ಎಂಬವನ ಅಂಗಡಿ. ಎಪ್ಪತ್ತರ ಹತ್ತಿರದ ಸಣ್ಣ ಮನುಷ್ಯ, ಹಿಮಬಂಡಿಗಳ ರಿಪೇರಿ ಮಾಡುತ್ತಾ ಹೆಲ್ಮೆಟ್ ಮಾರಾಟಕ್ಕೆ ಇಳಿದವನು. ನಾನು ಫೋನಿನಲ್ಲಿ ಓದಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಮುಗೀತಾ?" ಎಂದ. "ಹೆಲ್ಮೆಟ್ ತಲೆಗೆ ಹಾಕೋದಮ್ಮ, ಕಿವಿಯಿಂದ ಕೇಳಿಸಿಕೊಳ್ಳೋದಲ್ಲ. ಹಾಕೋರು ಯಾರು? ನೀನಾ ಅವರಾ?"

ಅತ್ತೆಗೆ ನಾಲ್ಕು ಹೆಲ್ಮೆಟ್ ಕೈಗೆ ಕೊಟ್ಟ. ಅವರು ಬೆಲೆಚೀಟಿಯನ್ನೂ ನೋಡಲಿಲ್ಲ, ತೂಕದ ಚೀಟಿಯನ್ನೂ ನೋಡಲಿಲ್ಲ. ಒಂದೊಂದನ್ನೂ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ ಏರಿಳಿಸಿದರು, ಎರಡನ್ನು ಪಕ್ಕಕ್ಕಿಟ್ಟರು.

"ಇವೆರಡು ಬಲಿತ ಸಾರಂಗದ ತಲೆಯಷ್ಟು ಭಾರ. ಇದು ಕರುವಿನದು. ಇದೂ ಕರುವಿನದೇ, ಆದ್ರೆ ಹಣೆ ಮುಂದಕ್ಕೆ ವಾಲಿದೆ, ಸಂಜೆ ಹೊತ್ತಿಗೆ ಕುತ್ತಿಗೆ ಕೇಳಲ್ಲ."

ತೈಸ್ತೊ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. "ಹೆಂಗಸು ಕೆಲಸ ಬಲ್ಲೋಳು."

ಉಳಿದದ್ದನ್ನು ತಲೆಗೆ ಹಾಕಿಸಿ, ಅಂಗಡಿಯ ಹಿಂದಿನ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂರಿಸಿದ. ಇಪ್ಪತ್ತಾರು ಡಿಗ್ರಿ ಚಳಿ. ಅದರ ದವಡೆಯ ಭಾಗ ಕನ್ನಡಕ ತೆಗೆಯದೆ ಮೇಲೆತ್ತುವಂತಿತ್ತು. ಮೂಗಿಗೆ ಮೆತ್ತನೆಯ ಮುಸುಕು, ಬಿಟ್ಟ ಉಸಿರು ಅದರೊಳಗಿಂದ ಗದ್ದದ ಕೆಳಗೆ ಹೋಗುತ್ತದೆ, ಕನ್ನಡಕದ ತನಕ ಏರುವುದಿಲ್ಲ.

"ಈಗ ಮಾತಾಡು. ಹತ್ತು ನಿಮಿಷ," ಎಂದ ತೈಸ್ತೊ.

"ಏನು ಮಾತಾಡ್ಲಿ?"

"ಬೈಯಮ್ಮ. ಬೈಯೋವಾಗ ಉಸಿರು ಜಾಸ್ತಿ ಬರತ್ತೆ. ಗಂಡನ್ನ ಬೈ."

"ಗಂಡ ಹೋಗಿ ಮೂವತ್ತು ವರ್ಷ ಆಯ್ತು. ಬೈಯೋದಕ್ಕೆ ಏನೂ ಉಳಿಸಿ ಹೋಗಿಲ್ಲ."

"ಸರಿ, ನನ್ನನ್ನ ಬೈ."

ಮಾತೇ ಆಡದ ನನ್ನ ಅತ್ತೆ ತೈಸ್ತೊನ ಗಡ್ಡದಿಂದ ಶುರುಮಾಡಿ ಅವನ ಅಂಗಡಿಯ ಮೆಟ್ಟಿಲಿನ ತನಕ ಹತ್ತು ನಿಮಿಷ ಬೈದರು. ಸಾಮಿ ಭಾಷೆಯ ಹಳೆಯ ಬೈಗುಳಗಳು, ನಾನು ಕೇಳದೇ ಇದ್ದವು. ತೈಸ್ತೊ ಅರ್ಥವಾದವನಂತೆ ತಲೆದೂಗಿದ. ಮುಂಗಾಜು ತಿಳಿಯಾಗಿಯೇ ಇತ್ತು. ಕನ್ನಡಕವೂ.

ಅತ್ತೆ ಕೈಯೆತ್ತಿ ನಿಲ್ಲಿಸಿದರು. "ಕಾಣೋದು ಕಾಣತ್ತೆ. ಕೇಳತ್ತಾ ಅಂತ ನೋಡ್ಬೇಕು. ನನಗೆ ಹಿಂದಿನ ಗಂಟೆ ಕೇಳ್ಬೇಕು."

ತೈಸ್ತೊ ಬೀಗದ ಕೈಗೊಂಚಲು ತೆಗೆದು ಅತ್ತೆಯ ಬೆನ್ನ ಹಿಂದೆ ಅಂಗಳದ ಉದ್ದಗಲಕ್ಕೂ ಕಳ್ಳಹೆಜ್ಜೆಯಲ್ಲಿ ಸುತ್ತಿದ, ಅಲ್ಲೊಮ್ಮೆ ಇಲ್ಲೊಮ್ಮೆ ಅಲುಗಿಸಿದ. ಅತ್ತೆ ತಿರುಗದೆ ಬೆರಳು ತೋರಿಸುತ್ತಾ ಹೋದರು. ಒಮ್ಮೆ ಬೇಕೆಂದೇ ಗೋದಾಮಿನ ಮರೆಯಿಂದ ಅಲುಗಿಸಿದ. ಬೆರಳು ಗೋದಾಮಿನ ಕಡೆ ಹೋಯಿತು.

"ತಗೋತೀನಿ," ಎಂದರು ಅತ್ತೆ.

ತೈಸ್ತೊ ಹೆಲ್ಮೆಟ್ಟನ್ನು ಪೆಟ್ಟಿಗೆಗೆ ಹಾಕುತ್ತಾ ನನ್ನನ್ನು ಕೇಳಿದ, "ಹಿಂದಿನದೂ ಒಳ್ಳೇ ಜಾತೀದೇ ಅಂದ್ಯಲ್ಲ. ಅದು ರಾತ್ರಿ ಎಲ್ಲಿ ಮಲಗ್ತಿತ್ತು?"

ನಾನು ಬಾಯಿ ತೆರೆದೆ.

"ಜಗಲೀಲಿ," ಎಂದರು ಅತ್ತೆ, ನನಗಿಂತ ಮೊದಲು.

"ಹಾಗಿದ್ರೆ ಒಳ್ಳೇದು. ತಣ್ಣಗಿರೋದು ತಣ್ಣಗೇ ಇರ್ಬೇಕು. ಇಲ್ಲಾಂದ್ರೆ ಸಾರು ಕುದಿಯದ ಕೋಣೇಲಿ ಪೂರ್ತಿ ಒಣಗ್ಬೇಕು. ಕೆಲವು ಪುಣ್ಯಾತ್ಮರು ಒಲೆ ಮೇಲೆ ತೂಗುಹಾಕ್ತಾರೆ. ಸಾರಿನ ಹಬೆ ಪೂರ್ತಿ ಒಳಗಿನ ಸ್ಪಂಜು ಕುಡಿಯತ್ತೆ, ಗಾಜಿನ ಎರಡು ಪದರದ ಮಧ್ಯೆ ಸೇರತ್ತೆ, ಮೇಲೆ ಜಿಡ್ಡು ಬೇರೆ. ಬೆಳಿಗ್ಗೆ ಮೂವತ್ತು ಡಿಗ್ರಿಗೆ ಒಯ್ದ್ರೆ ಒಳಗಿಂದಲೇ ಗಡ್ಡೆ ಕಟ್ಟತ್ತೆ. ಒರೆಸಿದ್ರೂ ಹೋಗಲ್ಲ. ಆಮೇಲೆ ಬಂದು, ಮಂಜು ಕಟ್ಟದೇ ಇರೋದು ಕೊಡಯ್ಯ ಅಂತ ನನ್ನ ತಲೆ ತಿಂತಾರೆ."

ನನ್ನ ಕಿವಿ ಸುಡುತ್ತಿತ್ತು. ನಮ್ಮ ಒಲೆಯ ಮೇಲೆ ಡಿಸೆಂಬರಿನಿಂದ ದಿನವೂ ಎಲುಬಿನ ಸಾರು ಕುದಿಯುತ್ತದೆ. ಅದರ ನೇರ ಮೇಲೆ ಆ ಮೊಳೆ. ಆರು ವರ್ಷದಲ್ಲಿ ರಾವ್ದ್ನಾ ಒಂದು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಈಗ ಕೇಳಿದೆ.

ಕಾರಿನಲ್ಲಿ ಹತ್ತು ಕಿಲೋಮೀಟರ್ ದಾಟುವ ಹೊತ್ತಿಗೆ ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ನಿಮಗೆ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ಊಲಾ ಬಂದಿದ್ದನಲ್ಲ, ಆವತ್ತಿಂದ. ಒಡೆದಿದ್ದನ್ನ ಮೂಸಿ ನೋಡ್ದೆ. ಎಲುಬಿನ ಸಾರು. ಉಪ್ಪು ಸ್ವಲ್ಪ ಕಮ್ಮಿ."

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. "ಹೇಳ್ಬಾರ್ದಿತ್ತಾ? ಊಲಾಗೆ ಹೇಳ್ಬಾರ್ದಿತ್ತಾ? ಕಣ್ಣಲ್ಲ ಕಣಯ್ಯಾ, ನನ್ನ ಸೊಸೆ ಹೀಗೆ ಮಾಡಿದ್ಲು ಅಂತ?"

"ಹೇಳಿದ್ರೆ ಏನಾಗ್ತಿತ್ತು? ಅವನು ಅವನ ಹೆಂಡತಿಗೆ ಹೇಳ್ತಿದ್ದ. ನೀಲ್ಲಾಸ್‌ನ ಹೆಂಡತಿ, ಪಟ್ಟಣದೋಳು, ಹೆಲ್ಮೆಟ್ ಬೇಯಿಸಿದ್ಲಂತೆ ಅಂತ. ನಾನು ಸಣ್ಣೋಳಿದ್ದಾಗ ಆಚೆ ಊರಿಂದ ಬಂದ ಒಬ್ಬ ಅಳಿಯ ಸಾರಂಗಕ್ಕೆ ಹಗ್ಗ ಹಾಕೋದಕ್ಕೆ ಹೋಗಿ ಯಜಮಾನನಿಗೇ ಹಾಕ್ದ. ಅವನು ಸತ್ತು ಇಪ್ಪತ್ತು ವರ್ಷ. ಇವತ್ತಿಗೂ ಅವನ ಮೊಮ್ಮಕ್ಕಳನ್ನ ಹಗ್ಗದೋರು ಅಂತಾರೆ. ಆಯ್ಲಿನ ಸಾರಿನೋಳು ಅನ್ಬೇಕಾ?"

"ಅದಕ್ಕೆ ನೀವು ಮುದುಕಿ ಅಂತ ಅನ್ನಿಸ್ಕೋತೀರಾ?"

"ಮುದುಕಿ ಹೇಗೂ ಆಗ್ತೀನಲ್ಲ. ಸ್ವಲ್ಪ ಮುಂಚೆ ಆದೆ, ಅಷ್ಟೇ. ಕಾರು ಬಿಡು, ಚಳಿ ಆಗ್ತಿದೆ." ಕಿಟಕಿಯ ಕಡೆ ನೋಡುತ್ತಾ ಹೇಳಿದರು, "ಆ ಹೆಲ್ಮೆಟ್ ಇಲ್ದೇ ಇದ್ದಿದ್ರೆ ಸೀಳ್ತಾ ಇದ್ದಿದ್ದು ಅದಲ್ಲ. ಅದನ್ನೂ ಲೆಕ್ಕಕ್ಕೆ ಇಟ್ಕೋ. ನೀನು ಅರ್ಧ ಲೆಕ್ಕ ಮಾತ್ರ ಹಾಕ್ತೀಯ ಯಾವಾಗ್ಲೂ."

ಬುಧವಾರ, ಗುರುವಾರ, ಶುಕ್ರವಾರ. ಹೊಸ ಹೆಲ್ಮೆಟ್ ಜಗಲಿಯ ಗೂಟದಲ್ಲಿ ತಣ್ಣಗೆ ಕೂತಿತ್ತು. ನಾನು ಅದರ ಹತ್ತಿರವೂ ಹೋಗಲಿಲ್ಲ. ಅತ್ತೆ ದಿನವೂ ಅದನ್ನು ಹಾಕಿಕೊಂಡು ಕೆರೆಯ ಐಸಿನ ಮೇಲೆ ಬಂಡಿ ಓಡಿಸಿ ಬರುತ್ತಿದ್ದರು, ಅಡುಗೆ ಜಾರುಬಂಡಿಯಲ್ಲಿ ಕೂರುವವರಿಗೆ ಅದರ ಅಗತ್ಯವೇನೋ. ಊಲಾಗೆ ಹೇಳಬೇಕು ಎಂದು ಬುಧವಾರವೇ ತೀರ್ಮಾನಿಸಿದ್ದೆ. ಆದರೆ ಈ ಜನ ನನ್ನನ್ನು ಒಪ್ಪಿಕೊಳ್ಳಲು ಆರು ವರ್ಷ ತೆಗೆದುಕೊಂಡಿದ್ದಾರೆ. ಒಂದು ಫೋನಿನಲ್ಲಿ ಅದನ್ನೆಲ್ಲ ಸುರಿದುಬಿಡುತ್ತೇನಲ್ಲ! ಮುಂದೆ ಆಯ್ಲಿ ಶಾಲೆಗೆ ಹೋಗುತ್ತಾಳೆ, ಹುಡುಗರು ಏನೆಂದು ಕೂಗುತ್ತಾರೋ. ಮದುವೆಯಲ್ಲಿ ಏನೆಂದು ಹಾಡು ಕಟ್ಟುತ್ತಾರೋ. ಎರಡು ವರ್ಷದ ಮಗಳ ಮದುವೆಯ ತನಕ ಹೋಗಿದ್ದೆ ನಾನು.

ಶನಿವಾರ ಮಧ್ಯಾಹ್ನ ಮಗು ಮಲಗಿತ್ತು. ಮರುದಿನ ಊಲಾ ಎಲ್ಲರ ಮುಂದೆ ಹೇಳಿಬಿಡುವ ಭಾನುವಾರ. ಕಿಟಕಿಯಾಚೆ ಬಿಸಿಲು, ಹಿಮ ಕಣ್ಣು ಕುಕ್ಕುತ್ತಿತ್ತು. ಅತ್ತೆ ಕೆರೆಯಂಚಿನ ಭೂರ್ಜದ ಗಿಡಗಳ ನಡುವೆ ಬಂಡಿ ಓಡಿಸುತ್ತಿದ್ದರು. ಎರಡು ಗಿಡದ ಸಂದು ಬಂಡಿಯ ಅಗಲಕ್ಕಿಂತ ಒಂದು ಗೇಣು ಹೆಚ್ಚಿದ್ದರೆ ಹೆಚ್ಚು. ವೇಗ ತಗ್ಗಿಸದೆ ನುಗ್ಗಿ ಆಚೆ ಹೋದರು, ತಿರುಗಿ ಬಂದರು, ಮತ್ತೆ ನುಗ್ಗಿದರು. ಒಂದು ಕೊಂಬೆಯೂ ಅಲುಗಲಿಲ್ಲ. ಹೀಗೆ ಓಡಿಸುವವರನ್ನು ನಾನು ಗಂಜಿಪಾತ್ರೆಯ ಮುಂದೆ ಕೂರಿಸಲಿದ್ದೇನೆ, ನನ್ನ ಮರ್ಯಾದೆಗೆ. ನಾನು ಒಳಗಿಂದ ಫೋನ್ ತಂದು ಮತ್ತೆ ಕಿಟಕಿಯ ಬಳಿ ನಿಂತೆ. ಈ ಸಲ ಏನು ಹೇಳಬೇಕೆಂದು ಬರೆದುಕೊಳ್ಳಲಿಲ್ಲ.

"ಊಲಾ, ನಾನು ಸೆನ್ಯಾ. ನೀಲ್ಲಾಸ್‌ನ ಹೆಂಡತಿ."

"ಗೊತ್ತು. ಮಗು ಹುಷಾರಾಗಿದೆಯಾ?"

"ಹುಷಾರಾಗಿದೆ. ಜನವರೀಲಿ ಅತ್ತೆ ಕಂಬಕ್ಕೆ ಹೊಡೆದಿದ್ದು ಕಣ್ಣಿಂದ ಅಲ್ಲ. ನನ್ನಿಂದ. ಒಂದು ತಿಂಗಳು ಅವರ ಹೆಲ್ಮೆಟ್ಟನ್ನ ನಾನು ದಿನಾ ಸಾರಿನ ಮೇಲೆ ತೂಗುಹಾಕಿದ್ದೆ, ಬೆಚ್ಚಗಿರ್ಲಿ ಅಂತ. ಹಬೆ ಒಳಗೆ ಸೇರಿ ಗಾಜು ಗಡ್ಡೆ ಕಟ್ಟಿತ್ತು. ಅವರಿಗೆ ಗೊತ್ತಿದ್ದೂ ನನ್ನ ಹೆಸರು ಹೇಳ್ಲಿಲ್ಲ. ಈಗ ಬೇರೆ ತಂದಿದ್ದೀವಿ. ನೀವು ಬಂದು ನೋಡಿ, ಇಲ್ಲೇ ಕಿಟಕೀಲಿ ಕಾಣತ್ತೆ, ಭೂರ್ಜದ ಗಿಡದ ಮಧ್ಯೆ ಓಡಿಸ್ತಿದ್ದಾರೆ."

ಅತ್ತೆ ಮತ್ತೊಮ್ಮೆ ಗಿಡಗಳ ಸಂದಿಗೆ ನುಗ್ಗಿದರು.

"ಯಾವ ಸಾರು?" ಎಂದ ಊಲಾ.

"ಎಲುಬಿಂದು."

"ಸಾರಂಗದ್ದಾ?"

"ಮತ್ತಿನ್ಯಾವುದು ಇರತ್ತೆ ನಮ್ಮನೇಲಿ?"

ಆ ಕಡೆಯಿಂದ ಊಲಾನ ನಗು ಬಂತು, ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ, ಫೋನನ್ನು ಕಿವಿಯಿಂದ ದೂರ ಹಿಡಿಯುವಷ್ಟು. ಹಿಂದೆ ಅವನ ಹೆಂಡತಿ ಏನು ಏನು ಎಂದು ಕೇಳುತ್ತಿದ್ದಳು. ನಾಳೆಯ ಹೊತ್ತಿಗೆ ಈ ಸುದ್ದಿ ಗಡಿಯಾಚೆಯ ತನಕ ತಲುಪುತ್ತದೆ ಎಂದುಕೊಂಡೆ. ತಲುಪಲಿ.

"ಇದನ್ನ ನಾನು ಸಾಯೋ ತನಕ ಹೇಳ್ತೀನಿ ಸೆನ್ಯಾ, ತಿಳ್ಕೋ."

"ಹೇಳಿ. ಏಪ್ರಿಲ್ಲಿಗೆ ಏನು ಅಂತ ಹೇಳಿ ಮೊದ್ಲು. ಹಿಂಡು ಎಷ್ಟು ಹೊತ್ತಿಗೆ ಹೊರಡತ್ತೆ?"

"ಅದನ್ನ ನನ್ನ ಯಾಕೆ ಕೇಳ್ತೀಯ?" ಎಂದ ಊಲಾ. "ಹೊರಡೋ ಹೊತ್ತು ಹೇಳೋಳು ಮುಂದೆ ಹೋಗೋಳು. ಅಲ್ಲೇ ಕಿಟಕಿ ಹತ್ರ ಇದ್ದೀಯಲ್ಲ, ಕೂಗಿ ಕೇಳು ಅವಳನ್ನ. ನಾನು ಫೋನ್ ಹಿಡ್ಕೊಂಡಿರ್ತೀನಿ."